ನಂಜಕ್ಕನ ಎರಡು ಪೆಟ್ಟಿಗೆ

ನಂಜಕ್ಕ ಯಾವ ವಸ್ತುವನ್ನೇ ಆಗಲಿ ಮೊದಲು ತಲೆಕೆಳಗು ಮಾಡಿ ನೋಡುತ್ತಿದ್ದರು. ಮಿಕ್ಸಿ, ಗಡಿಯಾರ, ಪ್ಲಾಸ್ಟಿಕ್ ಕುರ್ಚಿ, ಹೂಕೋಸು, ಏನಾದರೂ ಸರಿ. ಅಂಗಡಿಯವನು ಮುಂಭಾಗ ತೋರಿಸಿ ಹೊಗಳುತ್ತಿರುವಾಗಲೇ ಅವರ ಕೈ ಅದನ್ನು ಮಗುಚಿ ಹಾಕಿರುತ್ತಿತ್ತು. ಬಸವೇಶ್ವರನಗರದಲ್ಲಿ ಅವರ ಮನೆಯ ಮೇಲಿನ ಮಹಡಿಗೆ ನಾನು ಹೆಂಡತಿಯೊಂದಿಗೆ ಬಾಡಿಗೆಗೆ ಬಂದ ದಿನ, ಟೆಂಪೋದಿಂದ ಸಾಮಾನು ಇಳಿಯುತ್ತಿದ್ದಾಗ ಗೇಟಿನ ಬಳಿ ನಿಂತಿದ್ದ ಅವರು ನನ್ನ ಆಂಪ್ಲಿಫೈಯರನ್ನು ಹೀಗೇ ಎತ್ತಿ ಅದರ ತಳ ನೋಡಿದರು. ಅದು ಸಣ್ಣ ತೂಕದ್ದಲ್ಲ. ಗಾಬರಿಯಿಂದ ಓಡಿ ಬಂದ ನನಗೆ ಅವರು ಆಡಿದ ಮೊದಲ ಮಾತು ಇದು: “ಮೇಲ್ಗಡೆ ಎಲ್ರೂ ಪಾಲಿಶ್ ಹಾಕಿರ್ತಾರೆ ಕಣೋ. ತಳದಲ್ಲಿ ಸ್ಕ್ರೂ ಹೆಂಗೆ ಕೂರಿಸಿದಾರೆ ಅಂತ ನೋಡ್ಬೇಕು.”

ಗಿಡ್ಡ ಆಳು. ಬಿಗಿಯಾಗಿ ಸುತ್ತಿದ ಬಿಳಿ ತುರುಬು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿದ ಕನ್ನಡಕ. ಹುಟ್ಟಿದ್ದು ಮಾರೇನಹಳ್ಳಿಯಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸುಮಿತ್ರಾ ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟೊಂದರಲ್ಲಿ ಸಂಸಾರದೊಂದಿಗೆ ಇದ್ದಳು. ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದಳು, ಬಂದಾಗಲೆಲ್ಲ ಅಮ್ಮ ಮಗಳ ಮಧ್ಯೆ ಒಂದು ಜಗಳ ಆಗುತ್ತಿತ್ತು, ಊಟದ ಹೊತ್ತಿಗೆ ಅದು ಮುಗಿಯುತ್ತಿತ್ತು.

ನಂಜಕ್ಕ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಒಂದು ಸ್ವಿಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ತಯಾರಾದ ಸ್ವಿಚ್ಚುಗಳನ್ನು ತಪಾಸಣೆ ಮಾಡಿ ಹೊರಗೆ ಬಿಡುವ ಕೆಲಸ. ಒಮ್ಮೆ ಒಂದು ಇಡೀ ಲಾಟು ಕೆಟ್ಟು ಬಂದಿತ್ತಂತೆ. ಒಳಗಿನ ಹಿತ್ತಾಳೆ ಪಟ್ಟಿ ತೆಳುವಾಗಿ, ಬಿಸಿಯಾದರೆ ಸುಟ್ಟು ಹೋಗುವಂಥದ್ದು. ಮೇಲ್ವಿಚಾರಕ ಬಂದು, ಪಾರ್ಟಿ ಕಾಯ್ತಾ ಇದೆ, ಪಾಸ್ ಮಾಡಮ್ಮ ಎಂದ. ಇವರು ಆಗಲ್ಲ ಎಂದರು. ಹಾಗಾದರೆ ನಿನ್ನ ಸಹಿ ಇಲ್ಲದೆಯೇ ಕಳಿಸುತ್ತೇನೆ ಎಂದು ಅವನು ಹಮಾಲರನ್ನು ಕರೆದಾಗ ನಂಜಕ್ಕ ಹೋಗಿ ಆ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟರು. ಊಟದ ಸೈರನ್ ಆಯಿತು, ಚಹಾದ ಹೊತ್ತಾಯಿತು, ಇವರು ಏಳಲಿಲ್ಲ. ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಸಂಜೆ ಹೊತ್ತಿಗೆ ಮಾಲೀಕನೇ ಕೆಳಗಿಳಿದು ಬಂದು ಲಾಟನ್ನು ವಾಪಸು ಕಳಿಸಿದ.

ಅದರ ಮುಂದಿನ ತಿಂಗಳು ಅವರ ಮೇಜನ್ನು ಪ್ರೆಸ್ ವಿಭಾಗದ ಪಕ್ಕಕ್ಕೆ ಹಾಕಿದರು. ತಗಡನ್ನು ಧಡ್ ಧಡ್ ಎಂದು ಕತ್ತರಿಸುವ ಯಂತ್ರಗಳ ಮಗ್ಗುಲಲ್ಲಿ. ಶಿಕ್ಷೆ ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಿವೃತ್ತಿಯವರೆಗೂ ಅವರು ಅಲ್ಲೇ ಕೂತರು. ಬಲಗಿವಿ ಹೆಚ್ಚುಕಡಿಮೆ ಹೋಯಿತು, ಎಡಗಿವಿ ಅರ್ಧ ಉಳಿಯಿತು. ಈ ಕಥೆಯನ್ನು ನನಗೆ ಹೇಳುವಾಗ ಅವರ ದನಿಯಲ್ಲಿ ಮರುಕ ಇರಲಿಲ್ಲ. “ಕಿವಿ ಹೋಯ್ತು ಕಣೋ ಮಧು, ಒಪ್ಕೋತೀನಿ. ಆದ್ರೆ ನನ್ನ ಕೈ ದಾಟಿ ಹೋದ ಸ್ವಿಚ್ಚಿಂದ ಯಾರ ಮನೇನೂ ಸುಟ್ಟಿಲ್ಲ,” ಎಂದರು.

ಇಂಥವರಿಗೆ ಸಂಗೀತದ ಹುಚ್ಚು. ಮಾರೇನಹಳ್ಳಿಯಲ್ಲಿ ಚಿಕ್ಕಂದಿನಲ್ಲಿ ಅವರ ಪಕ್ಕದ ಮನೆಯವರು ದೇವಸ್ಥಾನದಲ್ಲಿ ನಾದಸ್ವರ ನುಡಿಸುತ್ತಿದ್ದರಂತೆ. ಬೆಳಿಗ್ಗೆ ಅವರು ಸಾಧನೆಗೆ ಕೂತರೆ ಇವರು ಮುಸುರೆ ತಿಕ್ಕುವುದನ್ನು ಬಿಟ್ಟು ಗೋಡೆಗೆ ಒರಗಿ ಕೇಳುತ್ತಾ ನಿಂತು ಅವ್ವನಿಂದ ಬೈಸಿಕೊಳ್ಳುತ್ತಿದ್ದರು. ಸಂಬಳ ಬರುವಂತಾದ ಮೇಲೆ ಕ್ಯಾಸೆಟ್, ಆಮೇಲೆ ಸಿಡಿ. ನಾದಸ್ವರ, ಶಹನಾಯಿ, ಕೊಳಲು, ತತ್ವಪದ. ಅವರ ಮನೆಯಲ್ಲಿ ಸೀರೆಗಳು ಟ್ರಂಕಿನಲ್ಲಿದ್ದವು, ಕಬ್ಬಿಣದ ಬೀರುವಿನ ತುಂಬ ಸಿಡಿಗಳಿದ್ದವು. ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಹಳೆಯ ಸಿಡಿ ಪ್ಲೇಯರ್ ಕೆಟ್ಟಿತು. ಡಿಸ್ಕನ್ನು ಒಳಗೆ ಎಳೆದುಕೊಂಡು ಕೊರ್ ಕೊರ್ ಎಂದು ಸುಮ್ಮನಾಗುತ್ತಿತ್ತು. ಹಳೇ ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಸರಿಯಾಗಿದ್ದವು. ಪ್ಲೇಯರಿನ ಒಳಗಿನ ಭಾಗ ಮಾತ್ರ ಎಲ್ಲೂ ಸಿಗಲಿಲ್ಲ. ಆ ವಾರ ಸುಮಿತ್ರಾ ಬರುವಾಗ ಒಂದು ಪುಟ್ಟ ಬ್ಲೂಟೂತ್ ಸ್ಪೀಕರ್ ತಂದಳು. ಈಗ ಸಿಡಿ ಯಾರು ಹಾಕುತ್ತಾರೆ, ಫೋನಿನಲ್ಲಿ ಎಲ್ಲವೂ ಸಿಗುತ್ತದೆ, ಬೀರು ಖಾಲಿ ಮಾಡಿದರೆ ಮನೆಯಲ್ಲಿ ಜಾಗವಾದರೂ ಆಗುತ್ತದೆ ಎಂಬುದು ಅವಳ ಮಾತು. ನಾನು ಬಾಡಿಗೆ ಕೊಡಲೆಂದು ಕೆಳಗೆ ಹೋದವನು ಅಲ್ಲೇ ಇದ್ದೆ. ನಂಜಕ್ಕ ಸ್ಪೀಕರನ್ನು ತಲೆಕೆಳಗು ಮಾಡಿದರು. ಸುತ್ತ ತಿರುಗಿಸಿದರು. ಎಲ್ಲೂ ಒಂದು ಸ್ಕ್ರೂ ಇರಲಿಲ್ಲ.

“ಇದನ್ನ ಬಿಚ್ಚೋಕೇ ಆಗಲ್ವಲ್ಲೇ,” ಎಂದರು. “ಬಿಚ್ಚೋಕಾಗ್ದೇ ಇರೋದು ನಂದು ಹೆಂಗಾಗುತ್ತೆ?”

ಸುಮಿತ್ರಾಗೆ ಬೇಸರವಾಯಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಇಷ್ಟಪಟ್ಟು ತಂದಿದ್ದಳು. ಆ ಬೇಸರದಲ್ಲಿ ಬಾಯಿ ತಪ್ಪಿ ಅಂದುಬಿಟ್ಟಳು: “ಅಷ್ಟಕ್ಕೂ ನಿಂಗೆ ಕೇಳೋದೇ ಅಷ್ಟಕ್ಕಷ್ಟೆ. ಯಾವುದಾದ್ರೇನಮ್ಮ?”

ಆ ಮಾತು ಮಾತ್ರ ನಂಜಕ್ಕನಿಗೆ ಸರಿಯಾಗಿ ಕೇಳಿಸಿತು. ಸ್ಪೀಕರನ್ನು ಅದರ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಒತ್ತಿ, ಮಗಳ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಅವತ್ತು ಊಟದ ಹೊತ್ತಿಗೂ ಜಗಳ ಮುಗಿಯಲಿಲ್ಲ.

ಮಾರನೆಯ ಬೆಳಿಗ್ಗೆ ಮೊಣಕಾಲು ನೋವಿಟ್ಟುಕೊಂಡು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ನಾನು ವಿಜಯನಗರದ ಇನ್ಶೂರೆನ್ಸ್ ಕಚೇರಿಯೊಂದರ ಗುಮಾಸ್ತ, ಸಂಬಳ ಉಳಿದಾಗಲೆಲ್ಲ ಆಡಿಯೊ ಸಾಮಾನು ಕೊಳ್ಳುವ ಚಟದವನು. ಅದು ಅವರಿಗೆ ಗೊತ್ತಿತ್ತು. ಹೊಸದು ತಗೊಳ್ಳಬೇಕು, ಏನೇನಿದೆ ಹೇಳು ಎಂದರು. ನಾನು ಎರಡು ದಾರಿ ಹೇಳಿದೆ. ಒಂದು, ಸಾಮಾನ್ಯ ಸಿಡಿ ಪ್ಲೇಯರ್. ಡಿಸ್ಕನ್ನು ಓದುವುದು, ಅದರಲ್ಲಿರುವ ಅಂಕಿಗಳನ್ನು ದನಿಯಾಗಿ ಬದಲಾಯಿಸುವುದು, ಎರಡೂ ಅದರೊಳಗೇ ನಡೆಯುತ್ತವೆ. ಇನ್ನೊಂದು, ಸಿಡಿ ಟ್ರಾನ್ಸ್‌ಪೋರ್ಟ್. ಅದು ಡಿಸ್ಕನ್ನು ಓದಿ ಅಂಕಿಗಳನ್ನು ಹಾಗೆಯೇ ಹೊರಗೆ ಕೊಡುತ್ತದೆ, ಅಷ್ಟೆ. ದನಿ ಮಾಡಲು ಡ್ಯಾಕ್ ಎಂಬ ಬೇರೆ ಪೆಟ್ಟಿಗೆ ಬೇಕು.

“ಟ್ರಾನ್ಸ್‌ಪೋರ್ಟಾ? ಲಾರಿ ಆಫೀಸಿನ ಹೆಸರನ್ನ ಹಾಡಿನ ಪೆಟ್ಟಿಗೆಗೆ ಇಟ್ಟಿದಾರಾ?” ಎಂದು ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ, “ಸರಿಯಾಗೇ ಇಟ್ಟಿದಾರೆ ಬಿಡು. ಮಾಲು ತಗೊಂಡು ಬರುತ್ತೆ, ಬಿಚ್ಚಿ ನೋಡಲ್ಲ,” ಎಂದರು.

ನೀವು ಸಾಮಾನ್ಯ ಪ್ಲೇಯರೇ ತಗೊಳ್ಳಿ ಅಕ್ಕ, ಒಂದೇ ಪೆಟ್ಟಿಗೆ, ಒಂದೇ ಗುಂಡಿ, ತಲೆನೋವಿಲ್ಲ ಎಂದು ನಾನು ಹೇಳಿದೆ. ಮೊದಲು ಎರಡನ್ನೂ ನೋಡೋಣ ಎಂದರು ಅವರು.

ಶನಿವಾರ ರಾಜಾಜಿನಗರದ ಒಂದು ಅಂಗಡಿಗೆ ಹೋದೆವು. ನಂಜಕ್ಕ ಆ ದಿನ ಕಿವಿಗೆ ಯಂತ್ರ ಹಾಕಿಕೊಂಡಿದ್ದರು. ಮಾತಿಗೆ ಅದು ಸಾಕು, ಹಾಡಿಗೆ ಮಾತ್ರ ಬೇಡ, ಅದನ್ನು ಹಾಕಿಕೊಂಡು ಹಾಡು ಕೇಳಿದರೆ ಯಾರೋ ಬಾಯಿ ಮುಕ್ಕಳಿಸಿದ ಹಾಗೆ ಇರುತ್ತದೆ ಎನ್ನುತ್ತಿದ್ದರು. ಅಂಗಡಿಯಾತ ತಣ್ಣಗಿನ ಕೋಣೆಯಲ್ಲಿ ನಮ್ಮನ್ನು ಕೂರಿಸಿ ಎರಡನ್ನೂ ತಂದಿಟ್ಟ. ಒಳ್ಳೆಯ ಮನುಷ್ಯನೇ. ಆದರೆ ಮಾತೆಲ್ಲ ನನ್ನ ಮುಖ ನೋಡಿಕೊಂಡು. ಸಾರ್, ಅಮ್ಮನಿಗೆ ಪ್ಲೇಯರೇ ಸಾಕು, ಈ ವಯಸ್ಸಲ್ಲಿ ಎರಡೆರಡು ಪೆಟ್ಟಿಗೆ ಅವರಿಗೆ ಯಾಕೆ ಎಂದ.

“ಅಮ್ಮ ಇಲ್ಲೇ ಕೂತಿದಾರಪ್ಪ,” ಎಂದರು ನಂಜಕ್ಕ.

ಅವನು ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡ. ಅವರು ಪ್ಲೇಯರನ್ನು ಮಗುಚಿ ನೋಡಿದರು. ಟ್ರಾನ್ಸ್‌ಪೋರ್ಟನ್ನೂ ಮಗುಚಿದರು. ಎರಡರಲ್ಲೂ ಸ್ಕ್ರೂಗಳಿದ್ದವು, ಅಷ್ಟರ ಮಟ್ಟಿಗೆ ಸಮಾಧಾನ. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ತಮ್ಮ ಎಡಗಿವಿಗೂ ಬಲಗಿವಿಗೂ ಒಂದೇ ಥರ ಕೇಳುವುದಿಲ್ಲ, ಗೆಜ್ಜೆಯಂಥ ಸಣ್ಣ, ಚೂಪು ದನಿಗಳಂತೂ ಎರಡಕ್ಕೂ ಮುಟ್ಟುವುದಿಲ್ಲ. ಎಡಕ್ಕೆ ಬೇಕಾದ ಹಾಗೆ ಒಂದು, ಬಲಕ್ಕೆ ಬೇಕಾದ ಹಾಗೆ ಒಂದು ಹೆಚ್ಚುಕಡಿಮೆ ಮಾಡಿಕೊಳ್ಳುವುದಕ್ಕೆ ಇದರಲ್ಲಿ ಆಗುತ್ತದಾ ಎಂದು ಪ್ಲೇಯರಿನ ಮೇಲೆ ಬೆರಳಿಟ್ಟು ಕೇಳಿದರು.

ಆಗುವುದಿಲ್ಲ ಎಂದ ಅಂಗಡಿಯಾತ. ಅದರ ದನಿಯನ್ನು ಕಂಪನಿಯವರೇ ಹದ ಮಾಡಿರುತ್ತಾರೆ, ಬದಲಾಯಿಸುವ ಹಾಗಿಲ್ಲ. ಆದರೆ ಟ್ರಾನ್ಸ್‌ಪೋರ್ಟಿನ ಜೊತೆ ಇಡುವ ಡ್ಯಾಕ್‌ಗಳಲ್ಲಿ ಹಾಗೆ ಮಾಡಬಹುದಾದ್ದು ಒಂದಿದೆ, ಎಡಬಲ ಬೇರೆ ಬೇರೆ ತಿದ್ದಬಹುದು, ಮುಂದೆ ಸಾಲದಾದರೆ ಅದೊಂದನ್ನೇ ಬದಲಾಯಿಸಬಹುದು. ಇಷ್ಟು ಹೇಳಿ ಅವನು, ಆದರೂ ಅಮ್ಮ, ಸಂಗೀತ ಹೇಗೆ ರೆಕಾರ್ಡ್ ಆಗಿದೆಯೋ ಹಾಗೇ ಕೇಳುವುದು ಧರ್ಮ, ತಿದ್ದಿದರೆ ಅದರ ಶುದ್ಧತೆ ಹೋಗುತ್ತದೆ ಎಂದು ಸೇರಿಸಿದ. ನಾನೂ ತಲೆಯಾಡಿಸಿದೆ. ನಮ್ಮ ಚಟದವರೆಲ್ಲ ನಂಬುವ ಮಾತು ಅದು.

ನಂಜಕ್ಕ ನಮ್ಮಿಬ್ಬರನ್ನೂ ನೋಡಿದರು. “ಶುದ್ಧ ಎಲ್ಲಾ ಶುದ್ಧ ಕಿವಿ ಇರೋರಿಗೆ. ಡಿಸ್ಕ್ ಓದೋದು ಪೆಟ್ಟಿಗೆ ಕೆಲಸ. ಹೆಂಗೆ ಕೇಳ್ಬೇಕು ಅನ್ನೋದು ನನ್ನ ಕೆಲಸ. ಎರಡೂ ಬೇರೆ ಬೇರೆನೇ ಇರ್ಲಿ,” ಎಂದರು. ಟ್ರಾನ್ಸ್‌ಪೋರ್ಟ್ ಮತ್ತು ಡ್ಯಾಕ್ ಎರಡನ್ನೂ ಕಟ್ಟಿಸಿದರು. ಆಟೋದಲ್ಲಿ ಒಂದು ನನ್ನ ತೊಡೆಯ ಮೇಲೆ, ಇನ್ನೊಂದು ಅವರ ತೊಡೆಯ ಮೇಲೆ. ದಾರಿಯುದ್ದಕ್ಕೂ ಅವರು ಪೆಟ್ಟಿಗೆಯ ಮೇಲೆ ಬೆರಳಿನಿಂದ ಏನೋ ಲಯ ಹಾಕುತ್ತಿದ್ದರು.

ಮರುದಿನ ಭಾನುವಾರ. ಸುಮಿತ್ರಾ ಬಂದಿದ್ದಳು. ಹೋದ ವಾರದ ಮಾತು ಅವಳನ್ನೂ ಕೊರೆಯುತ್ತಿತ್ತೆಂದು ಕಾಣುತ್ತದೆ, ತಾನೇ ಟೀಪಾಯಿ ಒರೆಸಿ ಜಾಗ ಮಾಡಿಕೊಟ್ಟಳು. ವೈರು ಸೇರಿಸಿ ನಾನು ಡ್ಯಾಕಿನ ರಿಮೋಟ್ ಹಿಡಿದು ಕೂತೆ. ನಂಜಕ್ಕ ಕಿವಿಯ ಯಂತ್ರ ತೆಗೆದಿಟ್ಟು, ನಾದಸ್ವರದ ಒಂದು ಡಿಸ್ಕ್ ಹಾಕಿ, ಎರಡು ಸ್ಪೀಕರುಗಳ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತರು.

ಆ ಸಣ್ಣ, ಚೂಪು ದನಿಗಳನ್ನು ಒಂದೊಂದೇ ಮೆಟ್ಟಿಲು ಏರಿಸತೊಡಗಿದೆ. ಅವರು ಕೈಯಲ್ಲೇ, ಇನ್ನೂ, ಇನ್ನೂ ಎಂದು ಸನ್ನೆ ಮಾಡುತ್ತಿದ್ದರು. ಬಲಗಡೆ ಇನ್ನಷ್ಟು. ಎಡಗಡೆ ಸಾಕು. ಬಲಗಡೆ ಮತ್ತೆ. ನನ್ನ ಕಿವಿಗೆ ಅದು ಆಗಲೇ ಅಸಹನೀಯವಾಗಿತ್ತು, ಸಾಣೆ ಕಲ್ಲಿಗೆ ಚಾಕು ಹಿಡಿದಂತೆ. ಸುಮಿತ್ರಾ ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ಸಾಕು ಅಕ್ಕ ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರ ಕೈ ಗಾಳಿಯಲ್ಲೇ ನಿಂತಿತು.

“ತಾಳ,” ಎಂದರು. “ತಾಳ ಹಾಕ್ತಾ ಇದಾನೆ ಕಣೋ. ಈ ಡಿಸ್ಕಲ್ಲಿ ತಾಳ ಇದೆ ಅನ್ನೋದೇ ಮರ್ತೋಗಿತ್ತು ನಂಗೆ.”

ಹಿತ್ತಾಳೆಯ ಪುಟ್ಟ ತಾಳ. ಎಷ್ಟೋ ವರ್ಷಗಳಿಂದ ಅವರ ಪಾಲಿಗೆ ನಾದಸ್ವರ ಒಂದು ಕಡೆ, ಡೋಲು ಒಂದು ಕಡೆ ಇತ್ತು, ನಡುವಿನ ಆ ಕಿಣಿಕಿಣಿ ಇರಲೇ ಇಲ್ಲ. ನುಡಿಸುವವನು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿದೆ ಎಂದರು. ಅವರು ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ತೊಡೆ ತಟ್ಟುತ್ತಾ, ಡಿಸ್ಕ್ ಪೂರ್ತಿ ಕೇಳಿದರು. ನಾವಿಬ್ಬರೂ ಹಲ್ಲು ಕಚ್ಚಿಕೊಂಡು ಕೂತಿದ್ದೆವು.

ಮುಗಿದ ಮೇಲೆ ಸುಮಿತ್ರಾ ಮೆಲ್ಲಗೆ, ಅಮ್ಮ, ನಿಜವಾಗಿ ಅದು ಹಾಗಿಲ್ಲ, ಬೇರೆಯವರಿಗೆ ಇದು ತುಂಬ ಕರ್ಕಶವಾಗಿ ಕೇಳುತ್ತದೆ ಎಂದು ಹೇಳಿದಳು. ಅವರಿಗೆ ಕೇಳಿಸಲೆಂದು ಎರಡು ಸಲ ಹೇಳಬೇಕಾಯಿತು. ನಂಜಕ್ಕ ನಗುತ್ತಲೇ ಉತ್ತರ ಕೊಟ್ಟರು. “ನಿಮ್ಮ ಕಿವಿಗೆ ಸರಿಯಾಗಿರೋದನ್ನ ನಿಮ್ಮನೇಲಿ ಕೇಳ್ಕೊಳ್ಳಿ. ಈ ಮನೇಲಿ ನನ್ನ ಕಿವೀನೇ ಅಳತೆ.”

ಸುಮಿತ್ರಾ ಅಮ್ಮನನ್ನು ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋದಳು, ಅವರಾದರೂ ಬೇಡ ಎನ್ನಲಿ ಎಂದು. ಡಾಕ್ಟರು ಬೇಡ ಎನ್ನಲಿಲ್ಲ. ಒಟ್ಟು ಸದ್ದು ವಿಪರೀತ ಮಾಡಬೇಡಿ, ದಿನಕ್ಕೆ ಒಂದು ಗಂಟೆ ಸಾಕು ಎಂದರು. ನಾನು ಕಂಡಂತೆ ನಂಜಕ್ಕ ಯಾರ ಮಾತನ್ನಾದರೂ ಪೂರ್ತಿ ಪಾಲಿಸಿದ್ದರೆ ಅದು ಇದೊಂದೇ. ಸಂಜೆ ನಾಲ್ಕರಿಂದ ಐದು ಅವರ ಹೊತ್ತು. ನಾಲ್ಕಕ್ಕೆ ಟ್ರಾನ್ಸ್‌ಪೋರ್ಟಿನ ಬಾಯಿ ತೆರೆಯುತ್ತಿತ್ತು, ಐದಕ್ಕೆ ಮುಚ್ಚುತ್ತಿತ್ತು.

ಆ ಒಂದು ಗಂಟೆ ಪಕ್ಕದ ಮನೆಯ ಗೌರಮ್ಮನವರಿಗೆ ಸಹಿಸಲಾಗಲಿಲ್ಲ. ಗದಗಿನ ಕಡೆಯ ದಂಪತಿ, ಗಂಡ ರುದ್ರಪ್ಪನವರು ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಗೌರಮ್ಮ ಕಿಟಕಿಯಿಂದಲೇ ಎರಡು ಸಲ ಹೇಳಿ ನೋಡಿದರು, ನಂಜಕ್ಕ ಐದು ಗಂಟೆವರೆಗೆ ಹೀಗೇ ಇರುತ್ತೆ ಎಂದು ಕಿಟಕಿಯಿಂದಲೇ ಉತ್ತರಿಸಿದರು. ಕೊನೆಗೆ ಗೌರಮ್ಮ ಗಂಡನನ್ನೇ ಕಳಿಸಿದರು. ಆ ದಿನ ರಜೆ ಹಾಕಿದ್ದ ನಾನು ಮೆಟ್ಟಿಲ ಮೇಲಿಂದ ನೋಡುತ್ತಿದ್ದೆ. ರುದ್ರಪ್ಪನವರು ಪಂಚೆ ಸರಿಮಾಡಿಕೊಂಡು ಗಂಭೀರವಾಗಿ ಒಳಗೆ ಹೋದರು. ಬೈಗುಳ ಕೇಳಬಹುದೆಂದು ಕಾದೆ. ಹಾಡು ಬಿಟ್ಟು ಬೇರೇನೂ ಕೇಳಲಿಲ್ಲ. ಐದು ಗಂಟೆಗೆ ಅವರು ಹೊರಗೆ ಬಂದಾಗ ಮುಖವೇ ಬೇರೆಯಾಗಿತ್ತು.

“ನಮ್ಮನಿಯಾಕಿ ಸಣ್ಣದು ಮಾಡಸ್ರಿ ಅಂತ ಕಳಿಸಿದ್ಲು,” ಎಂದು ನನ್ನ ಹತ್ತಿರ ಪಿಸುದನಿಯಲ್ಲಿ ಹೇಳಿದರು. ಕಿವಿ ಮಂದವಾದವರ ಪಿಸುದನಿ, ಬೀದಿಗೆಲ್ಲ ಕೇಳುವಂಥದ್ದು. “ಖರೇ ಹೇಳ್ಲೇನ್ರಿ? ನನಗ ಇಷ್ಟು ಛಲೋ ಕೇಳಿ ಭಾಳ ದಿನಾ ಆಗಿತ್ತು.”

ಮಾರನೆಯ ದಿನ ನಾಲ್ಕಕ್ಕೆ ಅವರು ಮತ್ತೆ ಬಂದರು. ಅದರ ಮಾರನೆಯ ದಿನವೂ. ಇಬ್ಬರೂ ಮಾತಾಡುತ್ತಿರಲಿಲ್ಲ, ಮಾತು ಕೇಳಿಸುತ್ತಲೂ ಇರಲಿಲ್ಲ. ರುದ್ರಪ್ಪನವರಿಗೆ ಕುರ್ಚಿ, ನಂಜಕ್ಕನಿಗೆ ನೆಲ. ಗೌರಮ್ಮ ಕೆಲವು ದಿನ ಮುನಿಸಿಕೊಂಡಿದ್ದು, ಆಮೇಲೆ ಆ ಹೊತ್ತಿಗೆ ತರಕಾರಿ ತರಲು ಹೋಗುವುದನ್ನು ರೂಢಿ ಮಾಡಿಕೊಂಡರು.

ನನಗೂ ನಂಜಕ್ಕನ ಆ ಹೊತ್ತು ಒಂದು ಪಾಠವಾಯಿತು ಎಂದರೆ ದೊಡ್ಡ ಮಾತಾದೀತು. ಆದರೆ ಶುದ್ಧ ದನಿಯ ಬಗ್ಗೆ ಗೆಳೆಯರು ವಾದ ಹೂಡಿದಾಗ ನಾನು ಮೊದಲಿನಷ್ಟು ಜೋರಾಗಿ ಮಾತಾಡುವುದನ್ನು ಬಿಟ್ಟೆ. ಅದನ್ನು ಗಮನಿಸಿದ್ದು ನನ್ನ ಹೆಂಡತಿ.

ಒಂದೆರಡು ವರ್ಷದ ಮೇಲೆ ಕೆಂಗೇರಿಯಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡು ನಾವು ಅಲ್ಲಿಗೆ ಹೋದೆವು. ಆದರೂ ಆಗಾಗ ಮೆಟ್ರೋ ಹತ್ತಿ ವಿಜಯನಗರಕ್ಕೆ ಬಂದು, ಅಲ್ಲಿಂದ ನಂಜಕ್ಕನ ಮನೆಗೆ ಹೋಗಿ ಅವರನ್ನು ನೋಡಿಕೊಂಡು ಬರುತ್ತಿದ್ದೆ. ಪ್ರತಿ ಸಲವೂ ಕಿವಿ ಇನ್ನಷ್ಟು ಹಿಂದೆ ಸರಿದಿರುತ್ತಿತ್ತು. ಪ್ರತಿ ಸಲವೂ ಡ್ಯಾಕಿನ ಮೆಟ್ಟಿಲು ಇನ್ನಷ್ಟು ಮೇಲೆ ಏರಿರುತ್ತಿತ್ತು. ರಿಮೋಟ್ ಬಳಸುವುದನ್ನು ಅವರೇ ಕಲಿತಿದ್ದರು. ಕೊನೆಯ ಸಲ ಹೋದಾಗ ಸುಮಿತ್ರಾನೂ ಇದ್ದಳು. ಬಲಗಡೆಯ ಮೆಟ್ಟಿಲು ಕೊನೆ ಮುಟ್ಟಿತ್ತು, ಮೇಲಕ್ಕೆ ಹೋಗಲು ಜಾಗವಿರಲಿಲ್ಲ. ಇದಕ್ಕಿಂತ ಹೆಚ್ಚು ಕೆಲಸ ಮಾಡುವ ಡ್ಯಾಕ್ ಬಂದಿದೆಯಾ, ವಿಚಾರಿಸು, ಮುಂದಿನ ತಿಂಗಳು ಹೋಗಿ ಬರೋಣ ಎಂದರು. ನಾನು ಆಗಲಿ ಎಂದೆ. ಇನ್ನೂ ಎಷ್ಟು ದಿನಕ್ಕಮ್ಮ ಹೊಸದು ಎಂದು ಸುಮಿತ್ರಾ ಕೇಳಿದಳು. ಅದರಲ್ಲಿ ಕಹಿ ಇರಲಿಲ್ಲ, ದಣಿವಿತ್ತು.

ನಂಜಕ್ಕ ಅವಳ ತುಟಿ ನೋಡಿಯೇ ಅರ್ಥ ಮಾಡಿಕೊಂಡರು. “ಎಷ್ಟು ದಿನ ಅಂತ ನಾನ್ಯಾರನ್ನೂ ಕೇಳಿಲ್ಲ ಕಣೇ. ಇರೋ ದಿನ ಚೆನ್ನಾಗಿ ಕೇಳ್ಬೇಕು, ಅಷ್ಟೆ.”

ನನ್ನನ್ನು ಗೇಟಿನವರೆಗೆ ಕಳಿಸಲು ಬಂದರು. ಅಲ್ಲಿ ನಿಂತು, ಕೆಂಗೇರಿಯಲ್ಲಿ ನೀರು ಸರಿಯಾಗಿ ಬರುತ್ತದಾ, ನಿನ್ನ ಮಗಳಿಗೆ ಶಾಲೆ ಹತ್ತಿರವಾ ಎಂದೆಲ್ಲ ಕೇಳಿದರು. ನಾನು ಹೇಳಿದ್ದು ಅವರಿಗೆ ಎಷ್ಟು ಮುಟ್ಟಿತೋ ಗೊತ್ತಿಲ್ಲ, ತಲೆಯಾಡಿಸುತ್ತಿದ್ದರು. ಆ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಪಾತ್ರೆ, ಜಮಖಾನೆ ಒಳಗಿಡಲು ನಾನು ಉಳಿದಿದ್ದೆ. ಗೇಟು ಸದ್ದಾಯಿತು. ರುದ್ರಪ್ಪನವರು. ಒಳಗೆ ಬರದೆ ಗೇಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಸುಮಿತ್ರಾ ಹೋಗಿ ಏನಾದರೂ ಬೇಕಿತ್ತೇ ಎಂದು ಕೇಳಿದಳು.

“ಏನಿಲ್ಲ ನೋಡವಾ. ನಾಲ್ಕಾತು, ಕಾಲು ಇತ್ಲಾಗ ತಂದ್ವು,” ಎಂದರು ಅವರು.

ಸುಮಿತ್ರಾ ಗೇಟು ಪೂರ್ತಿ ತೆರೆದಳು. ಆಮೇಲೆ ಬನ್ನಿ ಎಂದು ಒಳಗೆ ಕರೆದು ಅವರ ಕುರ್ಚಿ ಹಾಕಿದಳು. ಬೀರು ತೆಗೆದು ನಾದಸ್ವರದ ಒಂದು ಡಿಸ್ಕ್ ಹುಡುಕಿ ಟ್ರಾನ್ಸ್‌ಪೋರ್ಟಿನಲ್ಲಿ ಇಟ್ಟಳು. ರಿಮೋಟ್ ಎತ್ತಿಕೊಂಡ ನನ್ನನ್ನು ನೋಡಿ, ಅದನ್ನು ಮುಟ್ಟಬೇಡಿ ಎಂದಳು. ದನಿ ಹೊರಟಿತು, ನಂಜಕ್ಕ ಬಿಟ್ಟು ಹೋದ ಹಾಗೆಯೇ, ಚೂಪಾಗಿ, ಉರಿಯಂತೆ. ರುದ್ರಪ್ಪನವರು ಕಣ್ಣು ಮುಚ್ಚಿದರು. ನಾವಿಬ್ಬರೂ ತಡೆಯಲಾರದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅಲ್ಲೂ ಕೇಳುತ್ತಿತ್ತು. ಸುಮಿತ್ರಾ ಮೊಣಕಾಲು ತಬ್ಬಿಕೊಂಡು ಗೇಟಿನ ಕಡೆ ನೋಡುತ್ತಾ ಕೂತಿದ್ದಳು, ಕೆನ್ನೆ ಒದ್ದೆಯಾಗಿತ್ತು.

ಪಕ್ಕದ ಮನೆಯ ಕಿಟಕಿ ತೆರೆಯಿತು. ಗೌರಮ್ಮ ಇಣುಕಿ, ಏನು ಹೇಳಬೇಕೆಂದು ತಿಳಿಯದೆ ನಮ್ಮನ್ನೇ ನೋಡಿದರು.

ಸುಮಿತ್ರಾ ಕೆನ್ನೆ ಒರೆಸಿಕೊಂಡು ಎದ್ದು ನಿಂತಳು. “ಐದು ಗಂಟೆವರೆಗೆ ಹೀಗೇ ಇರುತ್ತೆ ಆಂಟಿ,” ಎಂದಳು.